ಅಟ್ಟದ ಮೇಲೆ ಕಳೆದುಹೋದ ಹತ್ತು ಗಂಟೆ

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ತಿಪಟೂರು ಸೀಮೆಯ ನಮಗೆ ಯಾರೂ ಕೂರಿಸಿ ಕಲಿಸಿದ ವಿದ್ಯೆಯಲ್ಲ. ಸಿಪ್ಪೆ ಸುಲಿಯದ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ತೆಪ್ಪಗೆ ಬಿದ್ದಿದ್ದು, ಒಳಗಿನ ನೀರನ್ನೆಲ್ಲ ತಾನೇ ಹೀರಿಕೊಂಡು, ಕೊನೆಗೊಂದು ದಿನ ಅದರ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಉರುಳತೊಡಗುತ್ತದೆ. ಅಲ್ಲಾಡಿಸಿದಾಗ ಗುಳುಗುಳು ಎಂದರೆ ಇನ್ನೂ ಕಾಯಬೇಕು. ಗಡಗಡ ಎಂದರೆ ಕೊಬ್ಬರಿ. ಮದುವೆ ಮನೆಯ ತಾಂಬೂಲದಲ್ಲಿ ಕಾಯಿ ಕೊಟ್ಟರೂ ನಮ್ಮ ಕೈ ತಾನಾಗಿ ಕಿವಿಯ ಕಡೆಗೆ ಹೋಗುತ್ತದೆ. ನನ್ನ ಮರ್ಯಾದೆಯನ್ನು ಒಂದು ದಿನ ಕಳೆದದ್ದು ಇದೇ ಕೈ.

ನಮ್ಮದು ಊರಿನ ನಾಲ್ಕೈದು ಕ್ರೈಸ್ತ ಮನೆಗಳಲ್ಲಿ ಒಂದು. 'ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ' ಎಂಬ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಹೊರಡುತ್ತದೆಂದರೆ, ಅಷ್ಟೇ ಸಲೀಸಾಗಿ ಮೊಣಕಾಲು ನೆಲಕ್ಕೆ ಬಾಗಿದ್ದರೆ ಇಷ್ಟು ಹೊತ್ತಿಗೆ ನಾನು ಸಂತಳಾಗಿರುತ್ತಿದ್ದೆ. ಕರ್ತನೇ ಎಂದು ಕಣ್ಣು ಮುಚ್ಚಿದರೆ ಕುಕ್ಕರು ಕೂಗುತ್ತದೆ, ಆಮೆನ್ ಮುಟ್ಟುವ ಮೊದಲೇ ತೋಟದ ಮೋಟರಿಗೆ ಕರೆಂಟು ಬರುತ್ತದೆ. ಪ್ರಾರ್ಥನೆಗೆ ಹೊತ್ತಿಲ್ಲವೆಂದು ಗೊಣಗುವ ನಾನೇ ಪಕ್ಕದ ಮನೆಯ ಹಿತ್ತಿಲ ಗೋಡೆಯ ಬಳಿ ಅರ್ಧ ಗಂಟೆ ಮಾತಿಗೆ ನಿಂತಿರುತ್ತೇನೆ. ನಿಮಗೂ ಇದು ಹೊಸದಲ್ಲ ಅಂದುಕೊಳ್ಳುತ್ತೇನೆ.

ಆ ಗೋಡೆಯಾಚೆಯವಳೇ ಜಯಮ್ಮ. ಅವರ ಮನೆತನ ಶಿವಭಕ್ತರದು, ಅವಳು ಇಪ್ಪತ್ತು ವರ್ಷದಿಂದ ನನಗೆ ತಂಗಿಯಂತಿದ್ದಾಳೆ. ಹೋದ ವರ್ಷ ಅವಳ ಗಂಡ ಶಿವಣ್ಣನಿಗೆ ತುಮಕೂರಿನಲ್ಲಿ ಹೃದಯದ ಆಪರೇಷನ್ ನಿಗದಿಯಾಯಿತು. ಹೊರಡುವ ಹೊತ್ತಿಗೆ ಗೋಡೆಯ ಬಳಿ ಬಂದು ನನ್ನ ಕೈ ಹಿಡಿದುಕೊಂಡಳು.

"ನಾಳೆ ಹತ್ತು ಗಂಟೆಗೆ ಒಳಕ್ಕೆ ಕರ್ಕೊಂಡೋಗ್ತಾರಂತೆ ಎಸ್ತರಕ್ಕ. ನಮ್ಮ ಮನೆದೇವ್ರಿಗೆ ಮುಡಿಪು ಕಟ್ಟಿದೀನಿ. ನೀವೂ ಅದೇ ಹೊತ್ಗೆ ನಿಮ್ಮ ದೇವ್ರ ಮುಂದೆ ಕೂತ್ಕಳಿ. ಮರೀಬ್ಯಾಡಿ ಕಣಕ್ಕ."

ಮರೆಯುವುದುಂಟೇ ಎಂದೆ. ಮರುದಿನ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಒಲೆ ಆರಿಸಿ, ನಮ್ಮ ಮನೆಯಲ್ಲಿ ಸದ್ದಿಲ್ಲದ ಜಾಗ ಅದೊಂದೇ ಆದ್ದರಿಂದ ಅಟ್ಟ ಹತ್ತಿದೆ. ಫೋನನ್ನು ಬೇಕೆಂದೇ ಕೆಳಗೆ ಬಿಟ್ಟಿದ್ದೆ. ಕಾಯಿಯ ರಾಶಿಯ ಪಕ್ಕ ಗೋಣಿಚೀಲ ಹಾಸಿ ಕುಳಿತು, ಕರ್ತನೇ, ಶಿವಣ್ಣನ ಮೇಲೆ ನಿನ್ನ ಕೈಯಿಡು ಎಂದೆ. ಅಷ್ಟರಲ್ಲಿ ಒಂದು ಕಾಯಿ ಉರುಳಿ ಬಂದು ಮೊಣಕಾಲಿಗೆ ತಾಗಿತು. ಆಚೆಗಿಡಲು ಎತ್ತಿಕೊಂಡೆ. ಕೈ ಕಿವಿಯ ಹತ್ತಿರ ಹೋಯಿತು. ಗಡಗಡ. ಮಾರನೆಯ ದಿನ ಸುಲಿಯುವವರು ಬರುವವರಿದ್ದರು. ಇದೊಂದನ್ನು ಬೇರೆ ಇಡೋಣ ಎನ್ನಿಸಿತು. ಅದರ ಪಕ್ಕದ್ದನ್ನೂ ನೋಡಿದೆ, ಅದರ ಹಿಂದಿನದನ್ನೂ ನೋಡಿದೆ. ಒಣಗಿದ್ದು ಈ ಕಡೆ, ನೀರಿದ್ದದ್ದು ಆ ಕಡೆ.

"ಏನೇ, ಊಟ ಇಲ್ವಾ ಇವತ್ತು?" ಎಂದು ಯಜಮಾನರು ಕೆಳಗಿನಿಂದ ಕೂಗಿದಾಗ ಹನ್ನೆರಡೂವರೆಯಾಗಿತ್ತು. ನನ್ನ ಎದುರಿಗೆ ಎರಡು ಅಚ್ಚುಕಟ್ಟಾದ ರಾಶಿಗಳಿದ್ದವು. ಶಿವಣ್ಣ ಆಗ ನೆನಪಾದ. ಇಳಿದು ಫೋನು ಮಾಡಿದರೆ ಜಯಮ್ಮ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಯಜಮಾನರಿಗೆ ಬಡಿಸಿದ್ದು ನೆನಪಿದೆ, ನಾನು ಉಣ್ಣಲಿಲ್ಲ. ದೇವರು ನನ್ನ ಗಡಿಯಾರ ನೋಡಿಕೊಂಡು ಕೆಲಸ ಮಾಡುವವನಲ್ಲ, ಎಸ್ತರಳ ಎರಡು ಮಾತಿಗಾಗಿ ಒಂದು ಜೀವವನ್ನು ತೂಗುಹಾಕಿ ಕೂರುವವನೂ ಅಲ್ಲ ಎಂದು ನನಗೂ ಗೊತ್ತು. ಆದರೆ ಜಯಮ್ಮ ನನ್ನ ಗಡಿಯಾರವನ್ನೇ ನಂಬಿಕೊಂಡು ಕುಳಿತಿದ್ದಳಲ್ಲ! ಹೆಚ್ಚುಕಮ್ಮಿಯಾಗಿದ್ದರೆ ಆ ಗೋಡೆಯ ಬಳಿ ಯಾವ ಮುಖ ಹೊತ್ತು ನಿಲ್ಲಲಿ ಎಂಬ ಭಯದ ಹಿಂದೆ, ಶಿವಣ್ಣನಿಗಿಂತ ನನ್ನ ಮುಖದ ಚಿಂತೆಯೇ ದೊಡ್ಡದಾಯಿತೇ ಎಂಬ ಇನ್ನೊಂದು ಭಯ ಬಂತು.

ಒಂದು ಗಂಟೆಯ ಮೇಲೆ ಅವಳೇ ಫೋನು ಮಾಡಿದಳು.

"ಇನ್ನೂ ಒಳಗೇ ಅವ್ರೆ ಕಣಕ್ಕ. ಕೈಕಾಲೇ ಆಡ್ತಿಲ್ಲ ನಂಗೆ. ನೀವು ಬೆಳಿಗ್ಗೆಯಿಂದ ಕೂತಿದೀರಲ್ಲ, ಅದೊಂದೇ ಧೈರ್ಯ."

ಹೌದು ಎಂದುಬಿಡಬಹುದಿತ್ತು. ಅವಳಿಗೂ ಆಗ ಬೇಕಾಗಿದ್ದದ್ದು ಅದೇ. ನಾಲಿಗೆ ಹೊರಳಲಿಲ್ಲ.

"ಇಲ್ಲ ಕಣೇ ಜಯಾ. ಪ್ರಾರ್ಥನೆಗೆ ಅಂತ ಅಟ್ಟ ಹತ್ತಿದೋಳು ಕಾಯಿ ನೋಡ್ತಾ ಕೂತ್ಬುಟ್ಟೆ. ಮರ್ತೇಬುಟ್ಟೆ."

ಆಸ್ಪತ್ರೆಯ ಯಾವುದೋ ಗಾಡಿಯ ಚಕ್ರ ಕಿರುಗುಟ್ಟುತ್ತ ಹೋದದ್ದು ಕೇಳಿಸಿತು. ಹೋಗಲಿ ಬಿಡಿ ಎನ್ನುತ್ತಾಳೇನೋ ಎಂದು ಕಾದೆ. ಅವಳು ಹಾಗೆನ್ನಲಿಲ್ಲ.

"ಈಗ ಕೂತ್ಕಳಿ ಅಕ್ಕ. ಫೋನು ಮಾತ್ರ ಇಡಬ್ಯಾಡಿ."

ಫೋನು ಹಿಡಿದೇ ಮತ್ತೆ ಅಟ್ಟ ಹತ್ತಿದೆ. ಅದನ್ನು ಗೋಣಿಚೀಲದ ಮೇಲಿಟ್ಟು, ಕೈಗಳಿಗೆ ಒಂದು ಕೆಲಸವಿರಲೆಂದು ನೀರಿದ್ದ ರಾಶಿಯಿಂದ ಒಂದು ಕಾಯಿ ತೆಗೆದು ಮಡಿಲಲ್ಲಿ ಹಿಡಿದುಕೊಂಡೆ. ನನಗೆ ಬಾಯಿಪಾಠವಿದ್ದ ಚೆಂದದ ಮಾತುಗಳು ಒಂದೂ ಬರಲಿಲ್ಲ. ಶಿವಣ್ಣ, ಶಿವಣ್ಣ ಎಂದಷ್ಟೇ ಹೇಳುತ್ತಿದ್ದೆ. ಫೋನಿನೊಳಗೆ ಜಯಮ್ಮ ಶಿವಶಿವಾ ಎನ್ನುತ್ತಿದ್ದಳು. ಮೂರು ಗಂಟೆಗೆ ಅವಳು ಜೋರಾಗಿ ಅತ್ತಳು. ಎರಡು ನಿಮಿಷ ನನ್ನ ಜೀವ ನನ್ನಲ್ಲಿರಲಿಲ್ಲ. ಆಮೇಲೆ, "ಕಣ್ಬುಟ್ರಂತೆ ಅಕ್ಕಾ" ಎಂದಳು.

ಶಿವಣ್ಣ ಈಗ ಬೆಳಿಗ್ಗೆ ಬೆಳಿಗ್ಗೆ ತೋಟಕ್ಕೆ ನಡೆದುಹೋಗುತ್ತಾನೆ. ನಾನು ಹತ್ತು ಗಂಟೆಗೆ ಅಟ್ಟದ ಏಣಿಗೆ ಕಾಲಿಟ್ಟರೆ ಜಯಮ್ಮ ಗೋಡೆಯಾಚೆಯಿಂದ, "ಎಸ್ತರಕ್ಕಾ, ಕಾಯಿಗೋ ಪ್ರಾರ್ಥನೆಗೋ?" ಎಂದು ಕೂಗುತ್ತಾಳೆ. ಅವಳದು ತಮಾಷೆ. ಉತ್ತರ ಮಾತ್ರ ಏಣಿಯ ಬುಡದಲ್ಲಿ ನನಗೂ ಗೊತ್ತಿರುವುದಿಲ್ಲ. ಮೇಲೆ ಹೋಗಿ ಗೋಣಿಚೀಲ ಹಾಸಿ, ಒಂದು ಕಾಯಿ ತೆಗೆದುಕೊಳ್ಳುತ್ತೇನೆ. ಕೈ ಈಗಲೂ ಕಿವಿಯ ಕಡೆಗೆ ಏಳುತ್ತದೆ. ಅರ್ಧ ದಾರಿಯಿಂದ ಅದನ್ನು ಮಡಿಲಿಗೆ ಇಳಿಸಿಕೊಳ್ಳುತ್ತೇನೆ.