ಮೂರು ಮಕ್ಕಳ ತಂದೆಗೆ ಮದುವೆ ರಜೆ

ಹೊಸ ಪ್ಲಾಸ್ಟಿಕ್ ಕೊಡಕ್ಕೆ ಒಂದು ವಾಸನೆ ಇರುತ್ತದೆ, ಬಿಸಿಲಿಗೆ ಬಿಟ್ಟ ಚಪ್ಪಲಿಯಂಥದ್ದು. ಮೊನ್ನೆ ಅವ್ವ ಬಸವಕಲ್ಯಾಣದ ಬಜಾರಿನಿಂದ ಹಸಿರು ಕೊಡ ತಂದಳು. ಅದರ ಬಾಯಿಗೆ ಮೂಗಿಟ್ಟು ನಿಂತ ನನ್ನನ್ನು ಕಂಡು, "ಯಾಕೋ, ಒಳಗ ಯಾರರೆ ಕುಂತಾರೇನು?" ಎಂದಳು.

ಕುಂತಿದ್ದರು... ನಮ್ಮ ಕಂಪ್ಯೂಟರ್ ಮೇಡಂ.

ಹುಮನಾಬಾದಿನ ನಮ್ಮ ಕಾಲೇಜಿಗೆ ಕಂಪ್ಯೂಟರ್ ಆಗತಾನೇ ಬಂದಿತ್ತು. ಒಂದೇ ಒಂದು. ಮೈಗೆ ಮಖಮಲ್ಲಿನ ಹೊದಿಕೆ, ನೆತ್ತಿಗೆ ಕುಂಕುಮ. ಚಪ್ಪಲಿ ಹೊರಗೆ ಬಿಟ್ಟು ಹೋಗಿ ದರ್ಶನ ಮಾಡಿಕೊಂಡು ಬರುತ್ತಿದ್ದೆವು. ನಾನಂತೂ ಕಲಿಯಲು ಹೋದವನೇ ಅಲ್ಲ. ಬಸ್ ಕಂಡಕ್ಟರನ ಮೂಗುದನಿ, ಪ್ರಾಂಶುಪಾಲರ ಕೆಮ್ಮು, ನನ್ನದೇ ಫೇಲಾದ ಮುಖ, ಇವನ್ನೆಲ್ಲ ಮಾಡಿ ತೋರಿಸಿ ಚಹಾ ಗಿಟ್ಟಿಸುತ್ತಿದ್ದೆ. ಫೇಲಾದ ಮುಖಕ್ಕೆ ತಾಲೀಮು ಬೇಕಿರಲಿಲ್ಲ.

ಮೇಡಂ ಸೊಲ್ಲಾಪುರದ ಕಡೆಯವರು. ವರ್ಷಕ್ಕೊಮ್ಮೆ ಹೊಸದಾಗಿ ಮಾಡುವ ನೇಮಕ ಅವರದು. ಒಂದು ದಿನ ಅವರ ಪಾಠದ ನಡುವೆ ಊರಿನ ಕೊಡ ಮಾಡುವ ಕಾರ್ಖಾನೆಯ ಮ್ಯಾನೇಜರು, ಬಿಸಿ ಪ್ಲಾಸ್ಟಿಕ್ ವಾಸನೆಯ ಸಮೇತ, ನುಗ್ಗಿದರು. ನಮ್ಮ ಹಿಂದಿನ ಬ್ಯಾಚಿನ ಹುಡುಗನೊಬ್ಬ ಅಲ್ಲಿ ಹಾಜರಿ-ರಜೆಯ ಪ್ರೋಗ್ರಾಂ ಬರೆದಿದ್ದ.

"ಮೇಡಂ, ನಿಮ್ಮ ಹುಡುಗನ ಪ್ರೋಗ್ರಾಂ ಮೂರು ಮಕ್ಕಳ ತಂದಿಗಿ ಮದುವಿ ರಜಾ ಕೊಟ್ಟದರಿ! ಮದುವಿ ಇದ್ದದ್ದು ದುಬಲಗುಂಡಿ ಬಸವರಾಜಂದು. ಚೀಟಿ ಬಂದದ್ದು ಮುಡಬಿ ಬಸವರಾಜಗ. ಮದುಮಗ ಅರಿಶಿಣ ಮೈಯಾಗೇ ಡ್ಯೂಟಿಗಿ ಬಂದಾನ. ಮುಡಬಿಯವನ ಹೆಂಡ್ತಿ ಗೇಟಿನಾಗ ಕುಂತಾಳ, ಯಾರಕಿ ಆಕಿ, ತೋರಸ್ರಿ ಅಂತ!"

ನಾವು ಬಿದ್ದು ಬಿದ್ದು ನಕ್ಕೆವು. ಮೇಡಂ ಕಣ್ಣೊರೆಸಿಕೊಂಡು ಕುರ್ಚಿ ಎಳೆದರು. "ಕೂಡ್ರಿ. ಮತ್ತೇನೇನ್ ತಪ್ಯದ? ಎಲ್ಲಾ ಹೇಳ್ರಿ."

ತಪ್ಪು ಹುಡುಗನದಲ್ಲ. ನಮ್ಮ ಪುಸ್ತಕದ ಉದಾಹರಣೆಗಳಲ್ಲಿದ್ದ ನೌಕರರೆಲ್ಲ ಪರದೇಶದವರು, ಒಬ್ಬನ ಹೆಸರು ಇನ್ನೊಬ್ಬನಿಗಿಲ್ಲ. ಹೆಸರು ಕೊಟ್ಟರೆ ಸಾಕು, ಮನುಷ್ಯ ಸಿಗುತ್ತಾನೆ. ನಮ್ಮ ಸೀಮೆಯಲ್ಲಿ ಬಸವರಾಜ ಎಂದು ಕೂಗಿದರೆ ಅರ್ಧ ಬಸ್ಸು ಇಳಿಯುತ್ತದೆ. ಬರೆಯುತ್ತಿರುವ ಈ ಮಹಾಶಯನೂ ಬಸವರಾಜನೇ.

ಅಂದಿನಿಂದ ಪ್ರತಿ ಶನಿವಾರ ಮ್ಯಾನೇಜರು ನಮ್ಮ ವರ್ಗಕ್ಕೆ. ಒಮ್ಮೆ ಬರುವಾಗ ಬಾಯಿ ಸೊಟ್ಟಗಾದ ಕೊಡವೊಂದನ್ನು ತಂದರು. ಮೇಡಂ ಅದರಲ್ಲಿ ಸುಣ್ಣದಕಡ್ಡಿ ಇಟ್ಟರು. ಮಖಮಲ್ಲು ಕಿಟಕಿಗೆ ಪರದೆಯಾಯಿತು. ಮ್ಯಾನೇಜರು ಬಾರದ ದಿನ ಮೇಡಂ ನನ್ನನ್ನು ಎಬ್ಬಿಸುತ್ತಿದ್ದರು. "ಏ ಸೋಗಲಾಡಿ, ಬಾ. ಇವತ್ತ ನೀನೇ ಮ್ಯಾನೇಜರ್." ನಾನು ಮ್ಯಾನೇಜರಂತೆಯೇ ಹೊಟ್ಟೆ ಮುಂದೆ ಮಾಡಿ, ಅರ್ಧ ಹೇಳಿ ಅರ್ಧ ನುಂಗುತ್ತಿದ್ದೆ. ನುಂಗಿದ್ದನ್ನು ಉಳಿದವರು ಕೇಳಿ ಕೇಳಿ ಹೊರಗೆ ತೆಗೆಯಬೇಕು. ಯಾರ ಮಗ? ಯಾವೂರು? ಯಾವ ಪಾಳಿ? ಆಮೇಲೆಯೇ ಕೀಲಿಮಣೆ ಮುಟ್ಟುವುದು. ಕಾಲೇಜಿನಲ್ಲಿ ನನ್ನ ಚೇಷ್ಟೆಗೆ ಕೆಲಸ ಕೊಟ್ಟವರು ಮೇಡಂ ಒಬ್ಬರೇ.

ಪ್ರಾಂಶುಪಾಲರು ಬಾಗಿಲಲ್ಲಿ ಕೆಮ್ಮಿದರು. "ಕೊಡ ಮಾಡೋರು ನಮಗ ಸಿಲೆಬಸ್ ಹೇಳ್ಬೇಕೇನ್ರಿ? ವಿಶ್ವವಿದ್ಯಾಲಯದ ಸಮಿತಿ ಬರಾಕತ್ತದ. ಅವರ ಮುಂದ ಈ ನಾಟಕ ನಡದ್ರ, ಮುಂದಿನ ವರ್ಷ ನಿಮ್ಮ ನೇಮಕ ಇಲ್ಲ ನೋಡ್ರಿ."

"ಬರಲಿ ಸರ್," ಎಂದರು ಮೇಡಂ. "ಕುರ್ಚಿ ಹಾಕಸ್ತೀನಿ."

ಸಮಿತಿ ಬಂತು. ಅಧ್ಯಕ್ಷರು ಕೇಳಿದರು, ಕಂಪ್ಯೂಟರ್ ಒಬ್ಬ ನೌಕರನನ್ನು ಹೇಗೆ ಗುರುತಿಸುತ್ತದೆ? ಮೊದಲ ಬೆಂಚಿನವನು ಪುಸ್ತಕದಂತೆ ಹೇಳಿದ: ಹೆಸರಿನಿಂದ. ಪ್ರಾಂಶುಪಾಲರ ಮುಖ ಅರಳಿತು. ಅಲ್ಲಿಗೆ ಮೇಡಂ ಸುಮ್ಮನಿದ್ದಿದ್ದರೆ ನೇಮಕ ಉಳಿಯುತ್ತಿತ್ತು.

"ಪುಸ್ತಕದ ಉತ್ತರ ಆತು ಸರ್. ಈಗ ನೀವೇ ಒಮ್ಮಿ ಬಸವರಾಜ ಅಂತ ಕರೀರಿ."

ಅವರು ಕರೆದರು. ನಾನು ಎದ್ದೆ. ನನ್ನ ಪಕ್ಕದವನೆದ್ದ. ಹಿಂದಿನ ಬೆಂಚಿನಲ್ಲಿ ಒಂದು ಸಾಲೇ ಎದ್ದಿತು. ಚಹಾ ತಂದಿದ್ದ ಜವಾನ ಬಾಗಿಲಲ್ಲೇ "ಬಂದೆರಿ" ಎಂದ. ಸಮಿತಿಯಲ್ಲಿ ತೂಕಡಿಸುತ್ತಿದ್ದ ಹಿರಿಯರೊಬ್ಬರು, "ಹಾಂ?" ಎಂದು ಕುರ್ಚಿಯಿಂದ ಅರ್ಧ ಮೇಲೆದ್ದರು.

"ಇವರೊಳಗ ರಜಾ ಯಾರಿಗಿ ಕೊಡ್ಲಿ ಸರ್?"

ಸಮಿತಿ ನಕ್ಕಿತು, ಚಹಾ ಕುಡಿಯಿತು, ಪಾಠ ಪಠ್ಯಕ್ರಮದ ಹೊರಗಿದೆ ಎಂದು ಬರೆದು ಬಸ್ಸು ಹತ್ತಿತು. ಪ್ರಾಂಶುಪಾಲರು ಮಾತು ಉಳಿಸಿಕೊಂಡರು.

ಕೊನೆಯ ದಿನವೂ ಮೇಡಂ ಮ್ಯಾನೇಜರನ್ನು ಕರೆಸಿ ಪಾಠ ಮಾಡಿಯೇ ಹೊರಟರು. ನಾನು ಅವರ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದೆ. ಬಸ್ಸಿನ ಕಿಟಕಿಯಿಂದ ಕೇಳಿದರು, "ಊರ ಮಂದಿದೆಲ್ಲಾ ಮಾಡಿ ತೋರಸ್ತಿ. ನಂದ್ಯಾವಾಗ?"

"ಇನ್ನೊಮ್ಮಿ ಬಂದಾಗ ಮಾಡ್ತೀನ್ರಿ," ಎಂದೆ.

ಅವರು ಬರಲಿಲ್ಲ. ಈಗ ಎಲ್ಲಿದ್ದಾರೋ...

ಈಗ ಅದೇ ಕೋಣೆಯಲ್ಲಿ ನಾನು ಪಾಠ ಮಾಡುತ್ತೇನೆ. ಅಂಥದ್ದೇ ವರ್ಷವರ್ಷದ ನೇಮಕ, ಒಂದಕ್ಷರ ಬದಲಾಗದ ಅದೇ ಪಠ್ಯಕ್ರಮ. ಕನ್ನಡಿ ಮುಂದೆ ಎಷ್ಟೋ ಸಲ ಮೇಡಂ ಆಗಲು ನೋಡಿದ್ದೇನೆ. ಆ "ಕೂಡ್ರಿ" ಎಂಬುದೊಂದನ್ನಾದರೂ... ಬರುವುದಿಲ್ಲ. ಅವರ ಕೈ ಬರುತ್ತದೆ, ಸೆರಗು ಬರುತ್ತದೆ, ದನಿ ಮಾತ್ರ ವರ್ಷಕ್ಕಿಷ್ಟು ಜಾರುತ್ತಿದೆ.

ಹೋದ ವಾರ ಪ್ರಾಂಶುಪಾಲರು ನನ್ನನ್ನೂ ಕರೆದು, ಅದೇ ಕೆಮ್ಮಿನ ನಡುವೆ, ನಾಟಕ ನಡೆದರೆ ನೇಮಕ ಇಲ್ಲ ಎಂಬ ಅದೇ ಮಾತು ಹೇಳಿದರು. ಶನಿವಾರ ಅವ್ವನ ಹಸಿರು ಕೊಡ ಎತ್ತಿಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಕಾರ್ಖಾನೆಯ ಮ್ಯಾನೇಜರನ್ನು ಕರೆಸಿ ಕುರ್ಚಿ ಹಾಕಿಸಿದೆ. ಪ್ರಾಂಶುಪಾಲರು ವರಾಂಡದಲ್ಲೇ ಇದ್ದರು. ಬಾಗಿಲು ಪೂರ್ತಿ ತೆರೆದು "ಬಸವರಾಜ" ಎಂದು ಕರೆದೆ. ಒಂದು ಹಿಂಡೇ ಎದ್ದು ನಿಂತಿತು. ಯಾರ ದನಿಯೂ ಅಲ್ಲದ, ನನ್ನದೇ ಒಡಕು ದನಿಯಲ್ಲಿ ಕೇಳಿದೆ:

"ಯಾರ ಮಗ? ಯಾವೂರು? ಕೂಡ್ರಿ, ಎಲ್ಲಾ ಹೇಳ್ರಿ."