ಕೊಬ್ಬರಿ ಎಣ್ಣೆ ವಾಸನೆಯ ಕೌಬಾಯ್ ಟೋಪಿ

ಹೋದ ತಿಂಗಳು ಪಕ್ಕದ ಮನೆಯ ಆಂಟಿ ಒಂದು ಕೌಬಾಯ್ ಟೋಪಿ ತಂದುಕೊಟ್ಟರು. ಒಳಗಿನ ಪಟ್ಟಿಗೆ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ... ಈ ಪರದೇಶದಲ್ಲಿ ನಮ್ಮ ಬಡಾವಣೆಯಾದ ಇಡೀ ನ್ಯೂ ಲಿನ್‌ನಲ್ಲಿ ಅಂಥ ಟೋಪಿಗೆ ಅಂಥ ವಾಸನೆ ಇದ್ದದ್ದು ಒಬ್ಬರದೇ. ಆಂಟಿಯ ಗಂಡ, ನಮ್ಮ ಅಂಕಲ್‌ದು.

ಗದಗಿನ ಕಡೆಯವರು. ವಾರವಿಡೀ ಆಫೀಸಿನಲ್ಲಿ ಸೇತುವೆಗಳ ನಕ್ಷೆ, ಮನೆಗೆ ಬಂದರೆ ಗಿಟಾರು. ಇಲ್ಲಿನ ಕಂಟ್ರಿ ಮ್ಯೂಸಿಕ್ ಕ್ಲಬ್ಬಿನಲ್ಲಿ ಕಾಯಂ ಹಾಡುಗಾರನಾಗಬೇಕೆಂಬುದೇ ಅವರ ಆಸೆ. ಎರಡು ಸಾವಿರದ ಹದಿಮೂರೋ ಹದಿನಾಲ್ಕೋ ಇರಬೇಕು, ನಾನು ಮೈಸೂರಿನಿಂದ ಬಂದ ಹೊಸತು. ಒಂದು ಭಾನುವಾರ ಕ್ಲಬ್ಬಿನಲ್ಲಿ ಅವರ ಆಡಿಷನ್ನಿಗೆ ನನ್ನನ್ನೂ ಕರೆದುಕೊಂಡು ಹೋದರು.

ತಾವೇ ಕಟ್ಟಿದ ಇಂಗ್ಲಿಷ್ ಹಾಡು. ಮೊದಲ ಸಾಲು ಹಾಡಿ, ಕಿವಿಗೆ ಕೈಯಿಟ್ಟು ನಿಂತುಬಿಟ್ಟರು. ಅವರ ಊರಿನ ಭಜನೆಯಲ್ಲಿ ಮುಂದೆ ಹಾಡುವವರು ನಿಲ್ಲಿಸಿದರೆ ಹಿಮ್ಮೇಳದವರು ಆ ಸಾಲನ್ನು ಎತ್ತಿಕೊಳ್ಳಬೇಕು. ಇಲ್ಲಿ ಇಡೀ ಸಭೆ ಗಪ್‌ಚುಪ್. ಪದ ಮರೆತರೆಂದುಕೊಂಡು ಬ್ಯಾಂಡಿನವರು ಮರುಕದಿಂದ ನುಡಿಸುವುದನ್ನೇ ನಿಲ್ಲಿಸಿದರು. ಅಂಕಲ್ ನನ್ನತ್ತ ನೋಡಿದರು. ಭಜನೆಯ ಈ ರೂಢಿ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಹಾಳು ಸಂಕೋಚ, ಬಾಯಿ ತೆರೆಯಲಿಲ್ಲ. ಕ್ಲಬ್ಬಿನವರು ಅವರನ್ನು ಪಟ್ಟಿಗೆ ಸೇರಿಸಿಕೊಳ್ಳಲಿಲ್ಲ.

ಕಾರಿನಲ್ಲಿ ಅಂದರು, "ತಂಗಿ, ನಾ ಏನ್ ಮರ್ತಿರ್ಲಿಲ್ಲ. ನೀ ಎತ್ತಲಿಲ್ಲ ನೋಡು." ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತ್ತು.

ಅಂಕಲ್ ಹಟಮಾರಿ. ಮುಂದಿನ ತಿಂಗಳು ಮತ್ತೆ ಅವಕಾಶ ಕೇಳಿ, ಅದೇ ಹಾಡು ಹಾಡಿ, ಅದೇ ಜಾಗದಲ್ಲಿ ನಿಂತರು. ಈ ಸಲ ನಾನು ಎದ್ದು ನಿಂತೆ, ಒಡಕು ದನಿಯಲ್ಲೇ ಸಾಲನ್ನು ಎತ್ತಿದೆ. ಅದೇ ಹಾಡಿನಲ್ಲಿ ಅವರು ಎರಡನೆಯ ಸಲ ನಿಂತಾಗ ಮುಂದಿನ ಕುರ್ಚಿಯ ಅಜ್ಜಿಯೊಬ್ಬರು ದನಿಗೂಡಿಸಿದರು. ಮೂರನೆಯ ಸಲಕ್ಕೆ ಸಭೆಯೇ ಹಿಮ್ಮೇಳವಾಗಿತ್ತು.

ಕ್ಲಬ್ಬಿನ ಕಾಯಂ ಹಾಡುಗಾರರಾದ ಅಂಕಲ್ ಅಲ್ಲಿಂದ ಹಿಂತಿರುಗಿ ನೋಡಲಿಲ್ಲ. ಕ್ಲಬ್ಬಿನಲ್ಲೇ ಅವರನ್ನು ಕಂಡ ಒಬ್ಬರು ಟೀವಿಗೆ ಕರೆದರು. ಧಾರಾವಾಹಿಯಲ್ಲಿ ಡಾಕ್ಟರಾದರು, ಜಾಹೀರಾತಿನಲ್ಲಿ ತಾತನಾದರು, ಒಂದು ಸಿನಿಮಾದಲ್ಲಿ ಕುರಿಗಳ್ಳ. ಅದನ್ನು ನೋಡಿದ ಆಂಟಿ, "ಇಷ್ಟು ಚಂದ ಕದಿಯೋದು ಯಾವಾಗ ಕಲಿತ್ರಿ?" ಅಂದಿದ್ದರು. ಆಫೀಸಿನಲ್ಲಿ ನಾನು ಎಲ್ಲರಿಗೂ ತೋರಿಸುತ್ತಿದ್ದೆ, ಇವರು ನಮ್ಮ ಪಕ್ಕದ ಮನೆಯವರು ಎಂದು. ಅಷ್ಟು ಹೆಮ್ಮೆ ನನಗೆ.

ಕಳೆದ ಚಳಿಗಾಲದಲ್ಲಿ ಅಂಕಲ್ ಹೋದರು...

ಮೊನ್ನೆ ಭಾನುವಾರ, ಕಿವಿಯವರೆಗೆ ಜಾರುವ ಆ ಟೋಪಿ ಹಾಕಿಕೊಂಡು ಕ್ಲಬ್ಬಿನ ವೇದಿಕೆ ಹತ್ತಿದೆ. ಅವರ ಹಾಡಿನ ಮೊದಲ ಸಾಲು ಹಾಡಿ ನಿಂತೆ. ಇಡೀ ಸಭೆ ಎತ್ತಿಕೊಂಡಿತು. ಎರಡನೆಯ ಸಾಲು ಹಾಡಬೇಕಾದವಳು ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡೆ. ಸಭೆಯವರು ಮೊದಲನೆಯದನ್ನೇ ಮತ್ತೆ ಮತ್ತೆ ಹಾಡುತ್ತ ಕಾದರು, ನನಗೆ ದನಿ ಬರುವ ತನಕ.