ಒಡೆಯದೆ ಉಳಿದ ಕುಂಬಳಕಾಯಿ

ಮಾರ್ಗಶಿರದ ಮೊದಲ ಶುಕ್ರವಾರ, ಬೆಳಿಗ್ಗೆ ಹತ್ತೂವರೆ. ಚನ್ನರಾಯಪಟ್ಟಣದ ಚಿತ್ರಮಂದಿರದ ಮುಂದೆ ನಾನು, ನಮ್ಮ ಯಜಮಾನರು, ಸಿನಿಮಾ ನಿರ್ದೇಶಿಸಿದ ನನ್ನ ತಂಗಿ ಮಗಳು. ಜನ ಬರುತ್ತಾರೋ ಇಲ್ಲವೋ ಎಂಬುದು ಅವಳ ಭಯ. ನನ್ನ ಭಯ ಬೇರೆ.

ನಾನು ಹಾಸನದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಸತ್ತವರ ಕಣ್ಣು ಮುಚ್ಚಿ, ಗಲ್ಲಕ್ಕೆ ಪಟ್ಟಿ ಕಟ್ಟಿ, ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಆದರೆ ಬದುಕಿರುವ ಗಂಡ ಚಟ್ಟದ ಮೇಲೆ ಮಲಗಿದ್ದನ್ನು ನೋಡಿದಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ಕಥೆ ಹುಟ್ಟಿದ್ದು ಶಾಂತಿಗ್ರಾಮದ ನಮ್ಮ ಮನೆಯಲ್ಲೇ, ಊಟದ ಹೊತ್ತಿನಲ್ಲಿ. ಅಪ್ಪನ ಚಟ್ಟಕ್ಕೆ ಮೊದಲು ಯಾರು ಹೆಗಲು ಕೊಡಬೇಕೆಂದು ಜಗಳಕ್ಕೆ ಬಿದ್ದ ಅಣ್ಣತಮ್ಮಂದಿರ ಪ್ರಸಂಗವನ್ನು ಯಜಮಾನರು ನಗುತ್ತಾ ಹೇಳಿದರು. ತಂಗಿ ಮಗಳು ಅದನ್ನೇ ಚಿತ್ರಕಥೆ ಮಾಡಿದಳು. ಅರಕಲಗೂಡಿನ ನಾಟಕದವರನ್ನು ಸೇರಿಸಿಕೊಂಡು ಬಾಗೂರಿನಲ್ಲಿ ಚಿತ್ರೀಕರಣ ಶುರುಮಾಡಿದಳು. ಹೆಣವಾಗಲು ಮಾತ್ರ ಯಾರೂ ಒಪ್ಪಲಿಲ್ಲ.

"ಕಥೆ ನಂದಲ್ವಾ, ಎಣಾನೂ ನಾನೇ ಆಯ್ತೀನಿ ಬುಡು," ಎಂದು ಯಜಮಾನರು ಮಲಗಿಯೇಬಿಟ್ಟರು.

ಹೆಣದ ಪಾತ್ರ ಮಾಡಿದವರು ಎದ್ದ ಕೂಡಲೇ ಕ್ಯಾಮೆರಾ ನೋಡಿ ನಗಬೇಕು, ಕುಂಬಳಕಾಯಿ ಒಡೆದು ದೃಷ್ಟಿ ತೆಗೆಯಬೇಕು, ಇಲ್ಲದಿದ್ದರೆ ಆಯುಸ್ಸಿಗೆ ಕೇಡು ಎಂದು ಮೇಕಪ್‌ನವರು ಹೇಳಿದ್ದರು. ನಾನು ಬೂದುಗುಂಬಳ ತಂದಿದ್ದೆ. ಚಿತ್ರತಂಡದ ಮ್ಯಾನೇಜರು ಅಡ್ಡ ಬಂದರು.

"ಅಯ್ಯೋ, ಬ್ಯಾಡ ಕಣಮ್ಮೋ! ಕುಂಬಳಕಾಯಿ ಒಡುದ್ರೆ ಶೂಟಿಂಗ್ ಮುಗೀತು ಅಂತ ಅರ್ಥ. ಇನ್ನೂ ಅರ್ಧ ಪಿಚ್ಚರ್ ಐತೆ."

ಅಷ್ಟರಲ್ಲಿ ಮಳೆ ಬಂತು. ಕ್ಯಾಮೆರಾಕ್ಕೆ ಟಾರ್ಪಾಲು ಹೊದಿಸಿದರು, ನಗುವುದೂ ಬಾಕಿ ಉಳಿಯಿತು. ಚಿತ್ರೀಕರಣದ ಕೊನೆಯ ದಿನ ಹೊಳೆನರಸೀಪುರದ ಹೊಳೆ ದಂಡೆಯಲ್ಲಿ ಕುಂಬಳಕಾಯಿ ಒಡೆದರಂತೆ. ಯಜಮಾನರ ಪಾತ್ರ ಮುಗಿದಿದ್ದರಿಂದ ಅವರನ್ನು ಕರೆದಿರಲಿಲ್ಲ.

ಆಮೇಲೆ ಸಂಕಲನ, ಡಬ್ಬಿಂಗ್, ಸೆನ್ಸಾರ್. ಒಂದೊಂದು ಮುಗಿದಾಗಲೂ ತಂಗಿ ಮಗಳು ಸಿಹಿ ತಂದಳು. ನಾನು ದಿನಾ ಎದ್ದ ಕೂಡಲೇ ಯಜಮಾನರ ಉಸಿರು ನೋಡುತ್ತಿದ್ದೆ.

ಈಗ ಪರದೆಯ ಮೇಲೆ ಆ ದೃಶ್ಯ ಬಂತು. ಮೂಗಿಗೆ ಹತ್ತಿ, ಹಣೆಗೆ ನಾಣ್ಯ. ಅವರನ್ನು ಮುಟ್ಟಿಕೊಳ್ಳಲು ಪಕ್ಕಕ್ಕೆ ಕೈ ಚಾಚಿದೆ. ಕುರ್ಚಿ ಖಾಲಿ.

ಜನರ ಕಾಲು ತುಳಿಯುತ್ತಾ ಹೊರಗೆ ಓಡಿದೆ. ಅವರು ಮೆಟ್ಟಿಲ ಮೇಲೆ ಗೋಡೆಗೊರಗಿ, ಕಣ್ಣು ಮುಚ್ಚಿ ಕೂತಿದ್ದರು. ನಾಡಿ ಹಿಡಿದೆ. ಬಡಿತ ಅವರದೋ ನನ್ನದೋ ಗೊತ್ತಾಗಲಿಲ್ಲ.

"ಏನ್ರೀ! ಏನಾಯ್ತು?"

ಕಣ್ಣು ಬಿಟ್ಟರು. "ನನ್ ಎಣಾನ ನಾನೇ ಕೂತ್ಕಂಡು ನೋಡಾಕಾಯ್ತದೇನೇ? ಎದ್ರಿಕೆ ಆಯ್ತು, ಬಂದ್ಬುಟ್ಟೆ."

ಇಷ್ಟು ದಿನ ನನ್ನ ಭಯವನ್ನು ಗೇಲಿ ಮಾಡಿದವರು! ಹಿಂದೆಯೇ ಬಂದ ತಂಗಿ ಮಗಳಿಗೆ ಮೊಬೈಲ್ ತೆಗೆ ಎಂದೆ.

"ಈಗ್ಲಾ ದೊಡ್ಡಮ್ಮ? ಒಳ್ಗೆ ಪಿಚ್ಚರ್ ಓಡ್ತಾ ಐತೆ."

"ಓಡ್ಲಿ. ನಿಮ್ ದೊಡ್ಡಪ್ಪ ನಗೋದನ್ನ ಇಡ್ಕೋ."

"ನಗು ಅಂದ್ಬುಟ್ರೆ ನಗು ಬತ್ತದಾ?" ಎಂದರು ಯಜಮಾನರು.

"ಎಣ ಮಾತಾಡ್ಬಾರ್ದು ದೊಡ್ಡಪ್ಪ, ಟೇಕ್ ಆಳಾಯ್ತದೆ," ಎಂದಳು ಅವಳು.

ಕಟ್ಟಿಸಿದ ಹಲ್ಲೆಲ್ಲ ಕಾಣುವಂತೆ ನಕ್ಕರು.

ಅವಳನ್ನು ಮುಂದಿನ ಆಟಕ್ಕೆ ಬಿಟ್ಟು, ಸಂತೆಬೀದಿಯಲ್ಲಿ ಒಂದು ಬೂದುಗುಂಬಳ ಕೊಂಡು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರ ಮುಂಗೈ ನನ್ನ ಕೈಯಲ್ಲೇ ಇತ್ತು. ಮನೆಯ ಗೇಟಿನ ಮುಂದೆ ಅವರನ್ನು ನಿಲ್ಲಿಸಿ, ನಿವಾಳಿಸಿ, ಕಾಯಿ ಎತ್ತಿದೆ. ಹೆಂಗಸರು ಒಡೆಯಬಾರದೆಂದು ಪಕ್ಕದ ಮನೆಯವರು ಕೂಗಿದರು. ಗಂಡಸರು ಸಿಗುವವರೆಗೆ ಕಾಯುವಷ್ಟು ಧೈರ್ಯ ನನಗಿರಲಿಲ್ಲ; ಒಡೆದೆ.

ಬೈಕಿನವರು ಜಾರಬಾರದೆಂದು ಚೂರುಗಳನ್ನೆಲ್ಲ ಗುಡಿಸಿ ಒಂದು ಮೂಲೆಗೆ ಹಾಕಿ, ಪೊರಕೆ ತೊಳೆದಿಟ್ಟೆ.